ಟ್ರೈಲರಿಗೂ ಸಿನೆಮಾಕ್ಕೂ ಪರದೆಯ ಹೊಂದಾಣಿಕೆ: ಒಂದು ಲೆಕ್ಕ



ಸಿನೆಮಾ ಅಂದರೆ ನಾವು ಮಾತಾಡೋದು ಕಥೆ, ಹಾಡು, ನಟನೆ ಇಷ್ಟೇ. ಪರದೆಯ ಮೇಲೆ ಬೀಳುವ ಚಿತ್ರಕ್ಕೆ ಒಂದು ಆಕಾರವೂ ಇದೆ. ಮೊದಲು ಬರುವ ಟ್ರೈಲರಿನ ಆಕಾರ ಒಂದು, ಆಮೇಲಿನ ಸಿನೆಮಾದ್ದು ಇನ್ನೊಂದು ಆದರೆ ಏನಾಗುತ್ತದೆ? ಗುಣಾಕಾರ ಭಾಗಾಕಾರ ಬಂದರೆ ಸಾಕು, ಕಾಮರ್ಸಿನವರಿಗೂ ತಿಳಿಯುತ್ತದೆ.

1. ಅಳತೆಗಳು

ಚಿತ್ರದ ಅಗಲವನ್ನು ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದರ ಅಳತೆ. 1932ರಲ್ಲಿ ಹಾಲಿವುಡ್ಡಿನಲ್ಲಿ ಗೊತ್ತಾದ ‘ಅಕಾಡೆಮಿ’ ಅಳತೆ 1.37. 1953ರಲ್ಲಿ ‘ದಿ ರೋಬ್’ ಚಿತ್ರದೊಂದಿಗೆ ಸಿನೆಮಾಸ್ಕೋಪ್ ಬಂತು. ಅದು ಮೊದಲು 2.55, ಆಮೇಲೆ 2.35, ಈಗ 2.39. ನಡುವೆ 1.85 ಇದೆ, ಅದಕ್ಕೆ ‘ಫ್ಲ್ಯಾಟ್’ ಅನ್ನುತ್ತಾರೆ. ನಮ್ಮ ದೇಶದ ಮೊದಲ ಸಿನೆಮಾಸ್ಕೋಪ್ ಚಿತ್ರ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ‘ಕಾಗಜ್ ಕೆ ಫೂಲ್’ (1959).

2. ರೀಲಿನ ಕಾಲದಲ್ಲಿ

35 ಮಿ.ಮೀ. ಪ್ರೊಜೆಕ್ಟರಿನ ಗೇಟಿನ ಅಗಲ ಮೂರಕ್ಕೂ ಒಂದೇ, 0.825 ಅಂಗುಲ. ಎತ್ತರ ಮಾತ್ರ ಬೇರೆ: ಅಕಾಡೆಮಿಗೆ 0.602, ಫ್ಲ್ಯಾಟಿಗೆ 0.446, ಸ್ಕೋಪಿಗೆ 0.690. ಭಾಗಿಸಿ ನೋಡಿ. ಮೊದಲೆರಡು ಸರಿ ಬರುತ್ತವೆ. ಸ್ಕೋಪಿಗೆ ಬರೋದು ಬರೀ 1.195! ಕಾರಣ, ಸ್ಕೋಪ್ ಚಿತ್ರವನ್ನು ಫಿಲ್ಮಿನ ಮೇಲೆ ಅಡ್ಡಕ್ಕೆ ಅರ್ಧದಷ್ಟು ಹಿಂಡಿರುತ್ತಾರೆ. ವಿಶೇಷ ಲೆನ್ಸ್ ಅದನ್ನು ಇಮ್ಮಡಿ ಹಿಗ್ಗಿಸುತ್ತದೆ. ಆಗ 2.39 ಆಯಿತು.

ಲೆನ್ಸ್ ತಪ್ಪಿದರೆ ಫಜೀತಿ. ಸ್ಕೋಪ್ ಟ್ರೈಲರನ್ನು ಸಾದಾ ಲೆನ್ಸಿನಲ್ಲಿ ಬಿಟ್ಟರೆ ನಾಯಕ ಬಿದಿರುಗಳು, ಫ್ಲ್ಯಾಟ್ ಟ್ರೈಲರನ್ನು ಸ್ಕೋಪ್ ಲೆನ್ಸಿನಲ್ಲಿ ಬಿಟ್ಟರೆ ಕುಂಬಳಕಾಯಿ! ಎರಡು ಪ್ರೊಜೆಕ್ಟರ್ ಇದ್ದಲ್ಲಿ ಆಪರೇಟರು ಟ್ರೈಲರನ್ನು ಒಂದಕ್ಕೆ, ಸಿನೆಮಾದ ಮೊದಲ ರೀಲನ್ನು ಇನ್ನೊಂದಕ್ಕೆ ಹಾಕಿ ನಿಭಾಯಿಸಬಹುದಿತ್ತು. ಎಲ್ಲ ರೀಲೂ ಅಂಟಿಸಿ ಒಂದೇ ಪ್ರೊಜೆಕ್ಟರಿನಲ್ಲಿ ಓಡಿಸುವ ಕಡೆ ಆಟದ ನಡುವೆಯೇ ಲೆನ್ಸು, ಗೇಟಿನ ತಗಡು, ಪರದೆಯ ಕಪ್ಪು ಅಂಚು ಮೂರನ್ನೂ ಬದಲಿಸಬೇಕು. ಅದಕ್ಕೇ ಒಂದೇ ಟ್ರೈಲರನ್ನು ಫ್ಲ್ಯಾಟ್, ಸ್ಕೋಪ್ ಎಂದು ಎರಡು ಬಗೆಯಾಗಿ ಮುದ್ರಿಸುವ ರೂಢಿ ಬಂತು.

3. ಈಗಿನ ಡಿಜಿಟಲ್ ಆಟದಲ್ಲಿ

ರೀಲು ಹೋಯಿತು, ಲೆಕ್ಕ ಹೋಗಲಿಲ್ಲ. ‘2ಕೆ’ ಪ್ರೊಜೆಕ್ಟರಿನಲ್ಲಿ ಫ್ಲ್ಯಾಟ್ ಅಂದರೆ 1998 × 1080 ಚುಕ್ಕೆ, ಸ್ಕೋಪ್ ಅಂದರೆ 2048 × 858. ಫೈಲಿನ ಹೆಸರಿನಲ್ಲೇ ‘ಎಫ್’ ಅಥವಾ ‘ಎಸ್’ ಎಂದು ಗುರುತು ಇರುತ್ತದೆ.

ಒಂದು ಉದಾಹರಣೆ. ಪರದೆಯ ಎತ್ತರ 20 ಅಡಿ, ಬದಿಯ ಕಪ್ಪು ಬಟ್ಟೆ ಸರಿದು ಅಗಲ ಮಾತ್ರ ಹೆಚ್ಚುಕಡಿಮೆ ಆಗುವಂಥದ್ದು. ಫ್ಲ್ಯಾಟಿಗೆ ಅಗಲ 37 ಅಡಿ, ಸ್ಕೋಪಿಗೆ 47.8 ಅಡಿ. ಸಿನೆಮಾ ಸ್ಕೋಪು, ಟ್ರೈಲರಿನ ಮೂಲ ಚಿತ್ರವೂ ಸ್ಕೋಪು. ಆದರೆ ಹಾಕಿದ್ದು ‘ಎಫ್’ ಪ್ರತಿ. ಆಗ ಟ್ರೈಲರ್ 37 ಅಡಿ ಅಗಲದೊಳಗೇ ಕೂರಬೇಕು. ಎತ್ತರ 37 ÷ 2.39, ಅಂದರೆ ಸುಮಾರು 15.5 ಅಡಿ. ನಾಲ್ಕೂ ಕಡೆ ಕಪ್ಪು! ಸಿಕ್ಕಿದ್ದು 573 ಚದರಡಿ, ಸಿಗಬೇಕಾದ್ದು 956. ರೂಪಾಯಿಗೆ ಅರವತ್ತು ಪೈಸೆ.

ಇದೇ ಪರದೆಗೆ ‘ಎಸ್’ ಪ್ರತಿ ಹಾಕಿದರೆ ಪೂರ್ತಿ ತುಂಬುತ್ತದೆ. ಮೂಲದಲ್ಲಿ ಫ್ಲ್ಯಾಟ್ ಆಗಿರುವ ಟ್ರೈಲರಿನ ‘ಎಸ್’ ಪ್ರತಿಯಲ್ಲೂ ಎರಡು ಬದಿ ಕಪ್ಪು ಬರುತ್ತದೆಯೇ ಹೊರತು ಚಿತ್ರ ಚಿಕ್ಕದಾಗುವುದಿಲ್ಲ. ಆದ್ದರಿಂದ ಇಂಥ ಪರದೆಯಲ್ಲಿ ಸ್ಕೋಪ್ ಸಿನೆಮಾಕ್ಕೆ ಸ್ಕೋಪ್ ಪ್ರತಿಯೇ ಸರಿ.

4. ಇದರಿಂದ ಯಾರಿಗೇನು?

‘ಟ್ರೈಲರ್ ಪುಕ್ಕಟೆ ತಾನೇ, ಹೇಗಿದ್ದರೇನು?’ ಅಂತ ಕೇಳಬಹುದು. ವ್ಯಾಪಾರದ ಭಾಷೆಯಲ್ಲಿ ಟ್ರೈಲರ್ ಅಂದರೆ ಮಾದರಿ ಸರಕು. ಮಾದರಿಯೇ ಮುದುಡಿದ್ದರೆ ಮಾಲು ಕೊಳ್ಳುವವರು ಯಾರು? ದೊಡ್ಡ ಚಿತ್ರಕ್ಕೆ ಪೋಸ್ಟರು, ಜಾಹೀರಾತು ಎಲ್ಲ ಉಂಟು. ಹೊರನಾಡಿನಲ್ಲಿ ದಿನಕ್ಕೆ ಒಂದೇ ಆಟ ಸಿಗುವ ಸಣ್ಣ ಕನ್ನಡ ಚಿತ್ರಕ್ಕೆ ಆ ಎರಡು ನಿಮಿಷವೇ ಬಂಡವಾಳ. ಅದನ್ನು ಕಾಯುವವರು ಕ್ಯಾಬಿನ್ನಿನಲ್ಲಿ ಕೂತ, ನಾವು ಮುಖ ನೋಡದ ಆಪರೇಟರು.

ಅಭ್ಯಾಸ: ಮುಂದಿನ ಸಲ ಥಿಯೇಟರಿಗೆ ಸ್ವಲ್ಪ ಬೇಗ ಹೋಗಿ. ಟ್ರೈಲರಿನ ಸುತ್ತ ಕಪ್ಪು ಎಷ್ಟು ಕಡೆ ಇದೆ ಎಣಿಸಿ. ನಾಲ್ಕು ಕಡೆ ಇದ್ದರೆ ಮ್ಯಾನೇಜರಿಗೆ ವಿನಯದಿಂದ ಹೇಳಿ. ಸರಿಯಾಗಿದ್ದರೆ ಆಪರೇಟರಿಗೆ ಒಂದು ನಮಸ್ಕಾರ ಹೇಳಿ ಬನ್ನಿ.