ಬೋರಲು ಮಲಗಿದರೆ ಉಸಿರು ಹಗುರ



2020 ಮತ್ತು 2021ರ ಕೊರೊನಾ ದಿನಗಳು ನಮಗೆಲ್ಲ ನೆನಪಿವೆ. ಎಷ್ಟೋ ಜನರಿಗೆ ಮೊದಲು ಜ್ವರ, ಕೆಮ್ಮು ಬಂತು. ಆಮೇಲೆ ಏದುಸಿರು ಬಂತು. ಇದು ವೈರಸ್‌ನಿಂದ ಬರುವ ನ್ಯುಮೋನಿಯಾ. ಇದರಲ್ಲಿ ಶ್ವಾಸಕೋಶದ ಸಣ್ಣ ಸಣ್ಣ ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ಎಷ್ಟು ಉಸಿರು ಎಳೆದರೂ ರಕ್ತಕ್ಕೆ ಆಮ್ಲಜನಕ ಸಾಲದು.

ಆಗ ಆಸ್ಪತ್ರೆಗಳಲ್ಲಿ ಡಾಕ್ಟರು, "ಬೋರಲು ಮಲಗಿ" ಅನ್ನುತ್ತಿದ್ದರು. ಬೋರಲು ಅಂದರೆ ಹೊಟ್ಟೆ ಕೆಳಗೆ, ಬೆನ್ನು ಮೇಲೆ. ಉಸಿರಾಡೋದೇ ಕಷ್ಟ, ಬೋರಲು ಮಲಗೋದು ಯಾಕೆ?

ಶ್ವಾಸಕೋಶದ ಹೆಚ್ಚು ಭಾಗ ಬೆನ್ನಿನ ಕಡೆಗಿದೆ. ಅಂಗಾತ ಮಲಗಿದರೆ ಹೃದಯದ ಭಾರ, ಹೊಟ್ಟೆಯ ಭಾರ ಅದನ್ನು ಒತ್ತುತ್ತದೆ. ಗಾಳಿಚೀಲಗಳು ಮುದುಡುತ್ತವೆ. ಬೋರಲು ಮಲಗಿದರೆ ಆ ಭಾರ ಇಳಿಯುತ್ತದೆ. ಮುದುಡಿದ ಚೀಲಗಳು ಬಿಚ್ಚಿಕೊಳ್ಳುತ್ತವೆ.

ಇದು ಕೊರೊನಾ ಕಾಲದ ಹೊಸ ಉಪಾಯವಲ್ಲ. ಫ್ರಾನ್ಸ್ ದೇಶದ ವೈದ್ಯರು 2013ರಲ್ಲೇ ಒಂದು ಅಧ್ಯಯನ ಪ್ರಕಟಿಸಿದ್ದರು. ಉಸಿರಾಟದ ಯಂತ್ರ ಹಾಕಿದ್ದ ರೋಗಿಗಳನ್ನು ಒಮ್ಮೆಗೆ 16 ಗಂಟೆ ಬೋರಲು ಮಲಗಿಸಿದ್ದರು. ಅಂಥವರಲ್ಲಿ ಸಾವು ಅರ್ಧದಷ್ಟು ಕಡಿಮೆಯಾಯಿತು. ಎಚ್ಚರವಿರುವ ರೋಗಿಗಳು ತಾವೇ ಬೋರಲು ಮಲಗುವ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2021ರ ಏಪ್ರಿಲ್‌ನಲ್ಲಿ ಸೂಚನೆ ಕೊಟ್ಟಿತು.

ಮಲಗಿಸುವುದು ಹೇಗೆ?

1. ಮೊದಲು ಡಾಕ್ಟರನ್ನೋ ನರ್ಸನ್ನೋ ಕೇಳಿ.
2. ಊಟವಾಗಿ 1 ಗಂಟೆ ಕಳೆದಿರಲಿ.
3. ಕತ್ತಿನ ಕೆಳಗೆ 1 ದಿಂಬು, ಎದೆಯಿಂದ ತೊಡೆವರೆಗೆ 1 ಅಥವಾ 2, ಮೊಣಕಾಲಿನಿಂದ ಕೆಳಗೆ 2 ದಿಂಬು ಇಡಿ. ಮುಖ ಒಂದು ಪಕ್ಕಕ್ಕಿರಲಿ.
4. ಆಮ್ಲಜನಕದ ಕೊಳವೆ ಮಡಚಿಕೊಳ್ಳದಂತೆ ನೋಡಿ.
5. ಅರ್ಧ ಗಂಟೆಯಿಂದ 2 ಗಂಟೆವರೆಗೆ ಹೀಗಿದ್ದು, ಆಮೇಲೆ ಮಗ್ಗುಲು ಬದಲಿಸಲಿ. ಕಷ್ಟವಾದರೆ ಕೂಡಲೇ ತಿರುಗಿಸಿ.

ಗರ್ಭಿಣಿಯರಿಗೆ, ಹೃದಯದ ದೊಡ್ಡ ಕಾಯಿಲೆ ಇರುವವರಿಗೆ, ಬೆನ್ನುಮೂಳೆ, ಸೊಂಟ, ತೊಡೆಮೂಳೆ ಮುರಿದವರಿಗೆ ಇದು ಬೇಡ. ಕೂಸುಗಳನ್ನೂ ಬೋರಲು ಮಲಗಿಸಬೇಡಿ.

ರೋಗಿಗೆ ಇದು ಹಿತವಲ್ಲ. ಕತ್ತು ನೋಯುತ್ತದೆ, ಬೇಜಾರಾಗುತ್ತದೆ. "ನನ್ನ ಕೈಲಾಗಲ್ಲ" ಅಂತಾರೆ. ನರ್ಸಮ್ಮ ಎಲ್ಲ ಮಂಚದ ಹತ್ತಿರವೂ ನಿಲ್ಲಲಾಗದು. ಪಕ್ಕದಲ್ಲಿರುವವರು ನಾವು. ಗದರಿಸಿದರೆ ಆಗದು. ಬೆನ್ನು ಸವರಿ ಹೇಳೋಣ: "ಇನ್ನು ಹತ್ತು ನಿಮಿಷ ತಡ್ಕೊಳ್ಳಿ. ನಾನು ಇಲ್ಲೇ ಇದ್ದೀನಿ."

ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಎರಡು ಅಂಕಿ ಕಾಣುತ್ತವೆ. ಒಂದು ನಾಡಿಯದು, ಒಂದು ಆಮ್ಲಜನಕದ್ದು. ಯಾವುದು ಯಾವುದು, ಎಷ್ಟಿರಬೇಕು ಎಂದು ಕೇಳಿ ತಿಳಿಯಿರಿ. ಮಲಗುವ ಮುಂಚೆ ಎಷ್ಟು, ಆಮೇಲೆ ಎಷ್ಟು ಎಂದು ಬರೆದಿಡಿ. ಅಂಕಿ ಏರಿದರೆ ರೋಗಿಗೂ ತೋರಿಸಿ. ಅದೇ ಧೈರ್ಯ. ಇಳಿದರೆ ನರ್ಸನ್ನು ಕರೆಯಿರಿ. ಮನೆಯಲ್ಲೇ ಆಮ್ಲಜನಕ 94ಕ್ಕಿಂತ ಕಡಿಮೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೋರಲು ಮಲಗುವುದು ಔಷಧಿಗೆ ಬದಲಲ್ಲ. ಔಷಧಿಯ ಜೊತೆಗೆ ಒಂದು ಆಸರೆ.

ಮಾತಾಡೋಣ, ಬರೆಯೋಣ

1. ಅಂಗಾತ ಮಲಗಿದರೆ ಶ್ವಾಸಕೋಶಕ್ಕೆ ಏನಾಗುತ್ತದೆ?
2. ಯಾರನ್ನು ಬೋರಲು ಮಲಗಿಸಬಾರದು?
3. ರೋಗಿ ಒಲ್ಲೆ ಎಂದರೆ ನೀವು ಏನು ಹೇಳುತ್ತೀರಿ?