ಬೇಸಿಗೆಯ ಬಿಸಿಲು, ಕೊಳಚೆ ನೀರು ಮತ್ತು ಕುಟುಂಬದ ಆರೋಗ್ಯ



ಬೆಂಗಳೂರಿನ ಜಯನಗರ, ಬಿ.ಟಿ.ಎಂ. ಬಡಾವಣೆಗಳ ಕಡೆಯ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕಡೆಗೆ ಹರಿಯುತ್ತದೆ. ಆ ಕಣಿವೆಯಲ್ಲಿ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲವನ್ನು ಹೆಚ್ಚಿಸುವುದು ಇದರ ಉದ್ದೇಶ. ಇದು ಕುಡಿಯುವ ನೀರಲ್ಲ. ಬಾವಿಗಳು ಬತ್ತುವ ಬೇಸಿಗೆಯಲ್ಲಿ ಈ ಮಾತನ್ನು ಮರೆಯಬಾರದು.

ಕೊಳಚೆ ಹೇಗೆ ಸಂಸ್ಕಾರಗೊಳ್ಳುತ್ತದೆ?

ದೊಡ್ಡ ತೊಟ್ಟಿಗಳಲ್ಲಿ ಕೊಳಚೆಗೆ ಗಾಳಿಯನ್ನು ಊದುತ್ತಾರೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆ ಗಾಳಿಯ ಆಮ್ಲಜನಕವನ್ನು ಪಡೆದು ಹೊಲಸನ್ನು ತಿಂದು ಬೆಳೆಯುತ್ತವೆ. ಬಳಿಕ ಕೆಸರಾಗಿ ತಳದಲ್ಲಿ ಕೂರುತ್ತವೆ. ತಿಳಿಯಾದ ನೀರು ಮೇಲೆ ಉಳಿಯುತ್ತದೆ.

ಬಿಸಿಲಿನಿಂದಾಗುವ ಪರಿಣಾಮವೇನು?

ಹಾಲಿಗೆ ಹಾಕಿದ ಹೆಪ್ಪನ್ನು ಗಮನಿಸಿ. ಚಳಿಯಲ್ಲಿ ಮೊಸರು ತಡವಾಗಿ ಆಗುತ್ತದೆ. ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಹೆಪ್ಪೇ ಸಾಯುತ್ತದೆ. ಕೊಳಚೆಯ ಜೀವಿಗಳೂ ಹಾಗೆಯೇ. ಒಂದು ಮಿತಿಯವರೆಗೆ, ಶಾಖ 10 ಡಿಗ್ರಿ ಏರಿದರೆ ಅವುಗಳ ಕೆಲಸ ಸುಮಾರು ಇಮ್ಮಡಿಯಾಗುತ್ತದೆ. ಆಗ ಅವುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಆದರೆ ಬೆಚ್ಚಗಿನ ನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ: ಸಮುದ್ರಮಟ್ಟದಲ್ಲಿ, 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಇನ್ನೂ ಕಡಿಮೆ.

ಬೇಡಿಕೆ ಹೆಚ್ಚಿ ಪೂರೈಕೆ ಕುಗ್ಗಿದಾಗ, ಗಾಳಿಯನ್ನು ಹೆಚ್ಚು ಊದದಿದ್ದರೆ ಹೊಲಸು ಪೂರ್ತಿ ಕರಗದು. ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಕೆಸರು ಕೆಲವೊಮ್ಮೆ ತೇಲಿ ನೀರಿನೊಡನೆ ಹೊರಹೋಗುತ್ತದೆ. ಎಲ್ಲವೂ ಸರಿಯಾಗಿ ನಡೆದಾಗಲೂ ಇಂಥ ನೀರಿನಲ್ಲಿ ರೋಗಾಣುಗಳು ಉಳಿದಿರಬಹುದು. ನೀರು ತಿಳಿಯಾಗಿದೆಯೆಂದ ಮಾತ್ರಕ್ಕೆ ಅದು ನಿರ್ಮಲವೆಂದು ಭಾವಿಸಬಾರದು.

ನೀವು ಮಾಡಬೇಕಾದುದು:

1. ಕೆರೆಯ ನೀರನ್ನು ಕುಡಿಯಲು, ಅಡುಗೆಗೆ, ಪಾತ್ರೆ ತೊಳೆಯಲು ಬಳಸಬೇಡಿ. ಮಕ್ಕಳನ್ನು ಅದರಲ್ಲಿ ಈಜಲು ಬಿಡಬೇಡಿ.

2. ಬಾವಿ, ಕೊಳವೆಬಾವಿಯ ನೀರನ್ನೂ ಚೆನ್ನಾಗಿ ಕುದಿಸಿ, ಆರಿಸಿ, ಮುಚ್ಚಿಟ್ಟು ಕುಡಿಯಿರಿ.

3. ಶೌಚಾಲಯದ ಗುಂಡಿಗೆ ಕುದಿಯುವ ನೀರು, ಆ್ಯಸಿಡ್, ಹೆಚ್ಚು ಫಿನಾಯಿಲ್ ಸುರಿಯಬೇಡಿ. ಅಲ್ಲಿಯೂ ಹೊಲಸನ್ನು ಕರಗಿಸುವುದು ಸೂಕ್ಷ್ಮಜೀವಿಗಳೇ.

4. ಮಗುವಿಗೆ ಭೇದಿಯಾದರೆ ತಡಮಾಡದೆ ಓ.ಆರ್.ಎಸ್. ದ್ರಾವಣ ಕುಡಿಸಿ, ಎದೆಹಾಲನ್ನು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ.

ನೀರು ತರುವವರು ತಾಯಿಯಾದರೂ ಅದನ್ನು ಶುದ್ಧವಾಗಿಡುವ ಹೊಣೆ ತಂದೆಯದೂ ಹೌದು. ಹುಟ್ಟಿದ ಪ್ರತಿ ಮಗುವೂ ಆರೋಗ್ಯವಾಗಿ ಬೆಳೆದರೆ ಅದೇ ಕುಟುಂಬ ಕಲ್ಯಾಣ.