ಅಜ್ಜನ ಡಿಕ್ರಿ ಹುಡುಕುವ ಹುಡುಗಿಗೆ

ಸಂಜಯನಗರ, ಬೆಂಗಳೂರು

ಪುಟ್ಟೀ,

ಹೋದ ಭಾನುವಾರ ಮನೆಗೆ ಬಂದವಳು ಕಾಫಿ ಆರುವ ತನಕ ಫೋನಿನಿಂದ ಕಣ್ಣೆತ್ತಲಿಲ್ಲ. ಏನಮ್ಮಾ ಅಂದರೆ, "ಅಜ್ಜನ ಪಾಲು ದಾವೆಯ ತೀರ್ಪು ಬೇಕು ದೊಡ್ಡಪ್ಪಾ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತಾ ಇದೀನಿ, ಹತ್ತೇ ರೂಪಾಯಿ" ಅಂದೆ. ಆಗಲೇ ಬೇಡ ಅನ್ನಬೇಕಿತ್ತು. ನಿನ್ನ ದೊಡ್ಡಪ್ಪನಿಗೆ ಎದುರು ಕೂತವರಿಗೆ ಬುದ್ಧಿ ಹೇಳಲು ಬಾಯಿ ಬರುವುದಿಲ್ಲ, ಕಾಗದದಲ್ಲಾದರೆ ಧಾರಾಳವಾಗಿ ಬರುತ್ತದೆ. ನಿನ್ನಂತೆ ಹತ್ತಿಪ್ಪತ್ತು ಮಂದಿಯಾದರೂ ಇದೇ ಹುಡುಕಾಟದಲ್ಲಿರುತ್ತಾರೆಂದು ಪತ್ರವನ್ನು ಪತ್ರಿಕೆಗೇ ಕೊಟ್ಟಿದ್ದಾನೆ. ಕೋಪ ಮಾಡಿಕೊಳ್ಳಬೇಡ.

ಮೊದಲು ಆ ಹತ್ತು ರೂಪಾಯಿಯ ಸಂಗತಿ. 2005ರ ಮಾಹಿತಿ ಹಕ್ಕು ಕಾಯ್ದೆ ತಾಲೂಕು ಕಚೇರಿಗೆ, ಪಾಲಿಕೆಗೆ, ಬಿಡಿಎಗೆ ಒಳ್ಳೆಯ ಅಸ್ತ್ರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು ಎಂಬ ಕಟ್ಟಳೆ ಇದೆ. ಉತ್ತರಕ್ಕೆ 30 ದಿನ. ಆದರೆ ದಾವೆಯ ಕಡತಕ್ಕೆ ಅದು ನಡೆಯುವುದಿಲ್ಲ. 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟಿಗೆ ಸಂಬಂಧಪಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇತ್ಯರ್ಥ ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆರ್. ಭಾನುಮತಿ, ಪೀಠದಲ್ಲಿ ಹಿಂದೆ ನಮ್ಮ ಹೈಕೋರ್ಟಿನಲ್ಲಿದ್ದ ಎ.ಎಸ್. ಬೋಪಣ್ಣನವರೂ ಇದ್ದರು. ನಕಲು ಕೊಡಲು ಕೋರ್ಟಿಗೆ ತನ್ನದೇ ನಿಯಮವಿರುವಾಗ ಆ ಬಾಗಿಲಿನಿಂದಲೇ ಬರಬೇಕು, ಮಾಹಿತಿ ಹಕ್ಕಿನ ಕಿಟಕಿಯಿಂದಲ್ಲ ಎಂಬುದು ಅದರ ತಿರುಳು.

ಅಮೆರಿಕದಲ್ಲಿ ಕೌಂಟಿ ಕೋರ್ಟಿನ ಗುಮಾಸ್ತರ ಕಚೇರಿಗೆ ಯಾರು ಬೇಕಾದರೂ ಹೋಗಿ ಕಡತ ಕೇಳಬಹುದಂತೆ ಎಂದು ನೀನು ವಾದಿಸಿದೆ. ಬಹುಮಟ್ಟಿಗೆ ನಿಜ. ಅಲ್ಲಿನ ಒಕ್ಕೂಟ ಕೋರ್ಟುಗಳ ಕಾಗದ ಪೇಸರ್ ಎಂಬ ಜಾಲದಲ್ಲಿ ಪುಟಕ್ಕೆ 10 ಸೆಂಟ್‌ನಂತೆ ಸಿಗುತ್ತದೆ. ನಮ್ಮಲ್ಲಿ ಮೊದಲ ಪ್ರಶ್ನೆಯೇ ಬೇರೆ: ನೀನು ಈ ದಾವೆಯಲ್ಲಿ ಯಾರು?

ಅದಕ್ಕೂ ಮುಂಚೆ, ಈ ಕಾಗದ ಯಾಕೆ ಬೇಕು ಎಂಬುದನ್ನು ಸರಿಯಾಗಿ ತಿಳಿದುಕೋ. ಮಾವಂದಿರು ಅಜ್ಜನ ಮೇಲೆ ಪಾಲು ದಾವೆ ಹಾಕಿದಾಗ ನಿನ್ನ ಅಮ್ಮನನ್ನೂ ದೊಡ್ಡಮ್ಮನನ್ನೂ ಯಾರೂ ಕೇಳಲಿಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಇದೇ ಹಕ್ಕು ಕೊಡುವ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಬೆಳಗಾವಿಯ ಒಂದು ದಾವೆಯಿಂದ. ಅದೇ 2015ರ ಪ್ರಕಾಶ್ ವಿರುದ್ಧ ಫೂಲಾವತಿ ತೀರ್ಪು. ಬದುಕಿರಬೇಕು ಅಂದಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಅದನ್ನು ತಳ್ಳಿಹಾಕಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂದಿತು.

ಇಲ್ಲಿ ಒಂದು ಮುಳ್ಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಆ ಪಾಲನ್ನು ಕೇಂದ್ರದ ಈ ತಿದ್ದುಪಡಿ ಮುಟ್ಟುವುದಿಲ್ಲ. ಹಾಗಾಗಿ ಅಜ್ಜನ ದಾವೆ ಎಲ್ಲಿ ನಿಂತಿತು ಎನ್ನುವುದರ ಮೇಲೆಯೇ ಎಲ್ಲವೂ. ಬರೀ ಪ್ರಾಥಮಿಕ ಡಿಕ್ರಿಯಾಗಿ ಕಡತ ಮಲಗಿದ್ದರೆ ಪಾಲು ಮುಗಿದಂತಲ್ಲ. 2011ರಲ್ಲೇ ಸುಪ್ರೀಂ ಕೋರ್ಟು ಗಂಡೂರಿ ಕೋಟೇಶ್ವರಮ್ಮ ಪ್ರಕರಣದಲ್ಲಿ ಹಾಗೆ ಹೇಳಿದೆ. ಅಂತಿಮ ಡಿಕ್ರಿ ಆಗಿದೆಯೇ ಎಂದು ನೋಡಲು ಓ.ಎಸ್. (ಮೂಲ ದಾವೆ) ನಂಬರ್ ಜೊತೆಗೆ ಎಫ್.ಡಿ.ಪಿ. (ಅಂತಿಮ ಡಿಕ್ರಿ ಪ್ರಕ್ರಿಯೆ) ನಂಬರೂ ಇದೆಯೇ ಎಂದು ಕೇಳಬೇಕು. ಬಹಳ ಜನ ಮೊದಲನೆಯದನ್ನು ತಂದು ಎರಡನೆಯದನ್ನು ಮರೆಯುತ್ತಾರೆ. ದೊಡ್ಡಮ್ಮನಿಗೂ ಇದರಲ್ಲಿ ಪಾಲಿರುವುದರಿಂದ ನಿನ್ನ ದೊಡ್ಡಪ್ಪನ ಈ ಉತ್ಸಾಹವನ್ನು ಶುದ್ಧ ಪರೋಪಕಾರ ಎಂದು ತಿಳಿಯಬೇಡ.

ಈಗ ನಂಬರು. ಕೋರ್ಟಿನ ದಾಖಲೆ ಕೋಣೆಯಲ್ಲಿ ಕಡತಗಳು ನಂಬರು ಮತ್ತು ವರ್ಷದ ಲೆಕ್ಕದಲ್ಲಿರುತ್ತವೆ, ಹೆಸರಿನ ಲೆಕ್ಕದಲ್ಲಲ್ಲ. ಒಮ್ಮೆ ಒಂದು ಊರಿನ ಕೋರ್ಟಿಗೆ ನಿನ್ನ ದೊಡ್ಡಪ್ಪ ಒಂದು ವರ್ಷ ತಪ್ಪು ಬರೆದುಕೊಟ್ಟು ಮೂರು ಸಲ ಅಲೆದ. ಅಲ್ಲಿನವರದು ತಪ್ಪಿರಲಿಲ್ಲ, ಇಲ್ಲದ ಕಡತವನ್ನು ಅವರು ಪಾಪ ಶ್ರದ್ಧೆಯಿಂದಲೇ ಹುಡುಕಿದ್ದರು. ಇ-ಕೋರ್ಟ್ಸ್ ಜಾಲದಲ್ಲಿ ಕಕ್ಷಿದಾರರ ಹೆಸರಿನ ಮೂರಕ್ಷರ, ವರ್ಷ ಕೊಟ್ಟು ಹುಡುಕಬಹುದು. ಆದರೆ ಅಜ್ಜನ ಹೆಸರಿನಲ್ಲಿ 'ಯಪ್ಪ' ಇದೆಯಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ ವೈ ಹಾಕಿರುತ್ತಾನೆ, ಇನ್ನೊಬ್ಬ ಐ ಹಾಕಿರುತ್ತಾನೆ. ಎರಡನ್ನೂ ನೋಡು. ಸಿಕ್ಕಿದರೆ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಬರುತ್ತದೆ, ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನದು ಕೆ.ಎ.ಬಿ.ಸಿ. ಎಂದು ಶುರುವಾಗುತ್ತದೆ.

ಜಾಲದಲ್ಲಿ ಇಲ್ಲದಿದ್ದರೆ ಇಲ್ಲವೆಂದು ಕೈಬಿಡಬೇಡ. ಹಳೆಯ ಕಡತಗಳೆಲ್ಲ ಕಂಪ್ಯೂಟರ್ ಹತ್ತಿಲ್ಲ. ಆಗ ಜಮೀನಿನ ಕಡೆಯಿಂದ ಹಿಂದಕ್ಕೆ ನಡೆಯಬೇಕು. ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿ, ಭೂಪಸಂದ್ರ ಇವೆಲ್ಲ ಬಡಾವಣೆಗಳಾಗುವ ಮೊದಲು ಬೆಂಗಳೂರು ಉತ್ತರ ತಾಲೂಕಿನ ಹೊಲಗದ್ದೆ. ಹಳೇ ಪಹಣಿಯ 11ನೇ ಕಲಂನಲ್ಲಿ, ಎಂ.ಆರ್. (ಮ್ಯುಟೇಶನ್) ಪ್ರತಿಯಲ್ಲಿ ಕೋರ್ಟಿನ ಆದೇಶದ ನಂಬರು ಇಣುಕುವುದುಂಟು. ತಾಲೂಕು ಕಚೇರಿಗಳ ದಾಖಲೆ ಕೋಣೆಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಈಗ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಇಲ್ಲಿಗೆ ನಿನ್ನ ಹತ್ತು ರೂಪಾಯಿ ಅರ್ಜಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಇನ್ನೊಂದು ವಿಷಯ: ಸಿಟಿ ಸಿವಿಲ್ ಕೋರ್ಟಿನ ಕಾಯ್ದೆಯೇ 1979ರದು. ಅದಕ್ಕಿಂತ ಹಿಂದಿನ ದಾವೆಗಳು ಮುನ್ಸಿಫ್, ಸಿವಿಲ್ ಜಡ್ಜ್ ಕೋರ್ಟುಗಳಲ್ಲಿ ನಡೆದವು. ಮುತ್ತಜ್ಜನ ಕಾಲದ್ದನ್ನು ಹುಡುಕುವವರು ಕೋರ್ಟಿನ ಹೆಸರನ್ನೇ ಬೇರೆ ಬರೆಯಬೇಕಾಗುತ್ತದೆ.

ಉಪನೋಂದಣಾಧಿಕಾರಿ ಕಚೇರಿಯದು ಬೇರೆ ಲೋಕ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲಿನ ಪುಸ್ತಕ ಹಾಗಲ್ಲ. ಬರೆದವರು ತೀರಿಕೊಂಡ ಮೇಲಷ್ಟೇ ಬೇರೆಯವರಿಗೆ ಅದರ ನಕಲು. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ಬಾಕಿ ದಾವೆ ಇಲ್ಲವೆಂದು ನಿಶ್ಚಿಂತೆಯಿಂದ ಸೈಟು ಕೊಳ್ಳುವವರನ್ನು ನ್ಯೂ ಬಿಇಎಲ್ ರಸ್ತೆಯ ಹೋಟೆಲುಗಳಲ್ಲಿ ದಿನವೂ ನೋಡುತ್ತೇವೆ. ಇ.ಸಿ.ಯಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆಯಲ್ಲ. ದಾವೆ ನಡೆಯುವಾಗ ಕೊಂಡವರಿಗೂ ಅದರ ಫಲ ಅಂಟಿಕೊಳ್ಳುತ್ತದೆ.

ನಂಬರು ಸಿಕ್ಕಿತು ಅಂದುಕೋ. ಪರ್ಪಲ್ ಲೈನಿನ ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟು ನಡಿಗೆಯ ದೂರ. ಕಂದಾಯ ಭವನವೂ ಅದೇ ರಸ್ತೆ. ನಕಲು ವಿಭಾಗದಲ್ಲಿ ಕಾಪಿ ಅರ್ಜಿ ಕೊಡಬೇಕು: ದಾವೆ ನಂಬರು, ವರ್ಷ, ವಾದಿ-ಪ್ರತಿವಾದಿಗಳ ಹೆಸರು, ತೀರ್ಪಿನ ದಿನ. ಯಾವ ಕಾಗದ ಬೇಕು ಎಂಬುದನ್ನು ಒಂದೊಂದಾಗಿ ಬರೆ. "ಎಲ್ಲ ಕಾಗದಗಳು" ಎಂದು ಬರೆದ ಅರ್ಜಿ ವಾಪಸು ಬರುವ ಅರ್ಜಿ. ತೀರ್ಪು, ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ ಇವಿಷ್ಟೇ ನಿನಗೆ ಮುಖ್ಯ. ನಿಶಾನೆ ಮಾಡಿದ ದಾಖಲೆಗಳು, ಸಾಕ್ಷಿ ಹೇಳಿಕೆ ಆಮೇಲೆ.

ನೀನು ಈ ದಾವೆಯಲ್ಲಿ ಯಾರು ಎಂಬ ಆ ಪ್ರಶ್ನೆ ಇಲ್ಲಿ ಬರುತ್ತದೆ. ಕಕ್ಷಿದಾರರಿಗೆ ನಕಲು ಹಕ್ಕಿನಿಂದ ಸಿಗುತ್ತದೆ. ನೀನೂ ನಿನ್ನ ಅಮ್ಮನೂ ಕಕ್ಷಿದಾರರಲ್ಲ, ಮೂರನೆಯವರು. ಹಾಗಾಗಿ ಅರ್ಜಿ ಅಮ್ಮನ ಹೆಸರಿನಲ್ಲಿರಲಿ, ಜೊತೆಗೊಂದು ಅಫಿಡವಿಟ್ ಇರಲಿ: ತೀರಿಹೋದ ಕಕ್ಷಿದಾರನ ಮಗಳು, ಪಾಲು ತಿಳಿಯಲು ಬೇಕು ಎಂದು. ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸು. ಈ ಹಂತಕ್ಕೆ ವಕೀಲರಿದ್ದರೆ ಒಳ್ಳೆಯದು. ಖರ್ಚಿನ ಭಯವಿದ್ದರೆ 1987ರ ಕಾನೂನು ಸೇವಾ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ನೆರವು ಉಂಟು, ಸಹಾಯವಾಣಿ 15100. ಗೇಟಿನ ಬಳಿ "ಬೇಗ ತೆಗೆಸಿಕೊಡ್ತೀನಿ" ಅನ್ನುವವರ ಜೊತೆ ಮಾತು ಬೇಡ.

ಜಾಲದಿಂದ ಇಳಿಸಿದ ಪ್ರತಿ ಓದಿಕೊಳ್ಳಲಷ್ಟೇ. ಸಾಕ್ಷ್ಯಕ್ಕೆ ನಿಲ್ಲುವುದು ಮೊಹರು, ಸಹಿ ಇರುವ ದೃಢೀಕೃತ ನಕಲು. 1872ರ ಸಾಕ್ಷ್ಯ ಕಾಯ್ದೆಯಲ್ಲಿ 76ನೇ ಕಲಂ ಆಗಿದ್ದದ್ದು 2024ರ ಜುಲೈ 1ರಿಂದ ಹೊಸ ಅಧಿನಿಯಮದಲ್ಲಿ 75. ನಕಲು ಕೈಗೆ ಬಂದಾಗ ಅದರಲ್ಲಿ ಹಾಕಿರುವ ತಾರೀಖುಗಳ ಮುದ್ರೆಯನ್ನೂ ಓದು: ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ, ಕೊಟ್ಟ ದಿನ. ಮೇಲ್ಮನವಿ ಹಾಕುವವರಿಗೆ ನಕಲಿಗೆ ಬೇಕಾದ ಕಾಲವನ್ನು ಅವಧಿಯ ಲೆಕ್ಕದಿಂದ ಕಳೆಯುತ್ತಾರೆ, ಲೆಕ್ಕ ಆ ಮುದ್ರೆಯಿಂದಲೇ.

ದೊಡ್ಡಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಿದ್ದಾಳೆ. ಅಜ್ಜನ ಹಳೇ ಪಹಣಿಗಳು, ಯಾವುದೋ ವಕೀಲರ ಲಕೋಟೆಯೊಂದು ಅದರಲ್ಲಿವೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಓ.ಎಸ್. ಎಂದಿದೆ, ಅಂಕಿ ಅಳಿಸಿಹೋಗಿದೆ. ಭೂತಗನ್ನಡಿ ತೆಗೆದುಕೊಂಡು ಶನಿವಾರ ಬಾ.

ನಿನ್ನ
ದೊಡ್ಡಪ್ಪ